ಕಡಲ ನೀರಿನಲ್ಲಿ ಅಣುಪರೀಕ್ಷೆಯ ವಿಕಿರಣ: ನನ್ನ ಗೈಗರ್ ಕೌಂಟರ್ ಏಕೆ ಸುಮ್ಮನಿದೆ?

ಓದುಗರ ಪ್ರಶ್ನೆ:

ಪೆಸಿಫಿಕ್ ಸಾಗರದಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳ ಬಗ್ಗೆ ಓದಿದ ಮೇಲೆ ವಿಕಿರಣವನ್ನು ಎಣಿಸುವ ಚಿಕ್ಕದೊಂದು ಗೈಗರ್ ಕೌಂಟರ್ ಕೊಂಡುಕೊಂಡೆ. ಒಂದು ಲೀಟರಿನ ಗಾಜಿನ ಸೀಸೆಯಲ್ಲಿ ಸಮುದ್ರದ ನೀರು ತಂದು ಅದರ ಪಕ್ಕದಲ್ಲಿ ಉಪಕರಣವನ್ನಿಟ್ಟಾಗ ಗಂಟೆಗೆ 0.12 ಮೈಕ್ರೋಸೀವರ್ಟ್ ತೋರಿಸಿತು. ಸೀಸೆ ಇಲ್ಲದ ಖಾಲಿ ಮೇಜಿನ ಮೇಲೂ ಅಷ್ಟೇ ತೋರಿಸುತ್ತದೆ. ಒಂದೆರಡು ಸಲ ನೀರಿನ ಪಕ್ಕದಲ್ಲೇ ಕಡಿಮೆ ಬಂದಿದೆ. ಆದರೆ ಬಾಂಬುಗಳಿಂದ ಬಂದ ಸೀಸಿಯಂ ಎಂಬ ವಿಕಿರಣಶೀಲ ಲೋಹ ಸಾಗರದ ಉದ್ದಗಲಕ್ಕೂ ಪತ್ತೆಯಾಗುತ್ತದೆ ಎಂದು ವಿಜ್ಞಾನಿಗಳು ಬರೆಯುತ್ತಾರೆ, ಅದರ ಬೆನ್ನಿಗೇ ಅಪಾಯವೇನಿಲ್ಲ ಎಂದೂ ಸೇರಿಸುತ್ತಾರೆ. ಇನ್ನೊಂದು ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿತ್ತು. ಇವುಗಳಲ್ಲಿ ಯಾವುದನ್ನು ನಂಬಬೇಕು? ನಾಳೆ ಎಲ್ಲಾದರೂ ಮತ್ತೆ ಪರೀಕ್ಷೆ ನಡೆದರೆ ನೀರನ್ನು ಅಳೆದು ಹೇಳಲು ವಾರಗಟ್ಟಲೆ ಏಕೆ ಬೇಕು? ದೊಡ್ಡ ಉಪಕರಣ ಕೊಳ್ಳಲೇ, ಮೀನು ತಿನ್ನುವುದನ್ನು ಬಿಡಲೇ, ಅಯೋಡಿನ್ ಮಾತ್ರೆ ತಂದಿಡಲೇ? ತಂದಿರುವ ನೀರನ್ನು ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಅನುಮಾನಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಉಪಕರಣ ಕೆಟ್ಟಿದೆಯೇ, ವಿಜ್ಞಾನಿಗಳು ಹಿಗ್ಗಿಸಿ ಹೇಳುತ್ತಿದ್ದಾರೆಯೇ, ಅಥವಾ ಯಾರೋ ಏನನ್ನೋ ಮುಚ್ಚಿಡುತ್ತಿದ್ದಾರೆಯೇ? ನಿಮ್ಮ ಉಪಕರಣ ಸರಿಯಾಗಿಯೇ ಇದೆ, ಪತ್ತೆಯಾಗುತ್ತದೆ ಎಂದವರೂ ಪತ್ತೆಯಾಗಿಲ್ಲ ಎಂದವರೂ ಬಹುಮಟ್ಟಿಗೆ ನಿಜವನ್ನೇ ಹೇಳಿದ್ದಾರೆ. ಮೂರನೆಯ ಅನುಮಾನಕ್ಕೆ ಮಾತ್ರ ಚರಿತ್ರೆಯಲ್ಲಿ ಆಧಾರವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಸೀಸೆಯ ಲೆಕ್ಕ ನೋಡೋಣ. ಒಂದು ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು, ಅಷ್ಟೇ. ಕಡಲ ನೀರಿನಲ್ಲಿ ಹುಟ್ಟಿನಿಂದಲೇ ಕರಗಿರುವ ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ವಸ್ತುವಿದೆ (ಹೆಸರಿನ ಕೊನೆಯ ಅಂಕಿ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು ಗುರುತಿಸಲು). ಮನುಷ್ಯ ಬಾಂಬು ಮಾಡುವುದಕ್ಕೆ ಕೋಟ್ಯಂತರ ವರ್ಷ ಮೊದಲೂ ಇತ್ತು, ಈಗಲೂ ಲೀಟರಿಗೆ ಸುಮಾರು 12 ಬೆಕೆರೆಲ್‌ನಷ್ಟು ಇದೆ. ಅಣುಪರೀಕ್ಷೆಗಳಿಂದ ಬಂದು ಉತ್ತರ ಪೆಸಿಫಿಕ್‌ನ ಮೇಲ್ಪದರದಲ್ಲಿ ಉಳಿದಿರುವ ಸೀಸಿಯಂ-137 ಎಷ್ಟು? ಸಾವಿರ ಲೀಟರಿಗೆ, ಅಂದರೆ ಒಂದು ಘನಮೀಟರಿಗೆ, ಒಂದರಿಂದ ಎರಡು ಬೆಕೆರೆಲ್. ನಡುವಿನ 1.5 ಅನ್ನು ಹಿಡಿದರೆ ನಿಮ್ಮ ಸೀಸೆಯಲ್ಲಿ ಪೊಟ್ಯಾಸಿಯಂ ಪ್ರತಿ ಸೆಕೆಂಡಿಗೆ ಹನ್ನೆರಡು ಸಲ ಒಡೆಯುತ್ತಿರುವಾಗ ಬಾಂಬಿನ ಸೀಸಿಯಂ ಸುಮಾರು 11 ನಿಮಿಷಕ್ಕೊಮ್ಮೆ ಒಡೆಯುತ್ತದೆ. ಆ ಒಂದು ಕಿರಣವೂ ಎಲ್ಲ ದಿಕ್ಕುಗಳಲ್ಲಿ ಯಾವ ಕಡೆಗೆ ಬೇಕಾದರೂ ಹೋಗಬಹುದು. ನಿಮ್ಮ ಕೌಂಟರಿನ ಬೆರಳುದ್ದದ ಕೊಳವೆಯನ್ನೇ ಹೊಕ್ಕು ಅಲ್ಲಿ ‘ಟಿಕ್’ ಎನ್ನಿಸುವ ಸಂಭವ ಅತ್ಯಲ್ಪ. ಉಪಕರಣ ತೋರಿಸುವ 0.12 ಎಂಬುದು ಗೋಡೆ, ನೆಲ, ಆಕಾಶ ಇವುಗಳಿಂದ ಬರುವ ಸಹಜ ವಿಕಿರಣ. ಸೀಸೆಯ ಪಕ್ಕದಲ್ಲಿ ಅದು ಕಡಿಮೆಯಾದದ್ದು ಕೆಲವು ಸಲ ಕೇವಲ ಎಣಿಕೆಯ ಏರಿಳಿತ, ಕೆಲವು ಸಲ ನೀರೇ ಆ ಬದಿಯಿಂದ ಬರುವ ಕಿರಣಗಳಿಗೆ ಅಡ್ಡ ನಿಂತದ್ದು. ಕಡಲ ನೀರು ನಿಮ್ಮ ಮಟ್ಟಿಗೆ ವಿಕಿರಣದ ಮೂಲಕ್ಕಿಂತ ಮರೆಯಾಗಿಯೇ ಹೆಚ್ಚು ಕೆಲಸ ಮಾಡಿದೆ.

ಹಾಗಾದರೆ ನಾವು ಪ್ರಯೋಗಾಲಯದಲ್ಲಿ ಅದನ್ನು ಹೇಗೆ ಹಿಡಿಯುತ್ತೇವೆ? ನೀರನ್ನು ಹೆಚ್ಚಿಸಿ, ಪೊಟ್ಯಾಸಿಯಂ ಅನ್ನು ಹೊರಗಟ್ಟಿ, ಬಹಳ ಹೊತ್ತು ಕಾಯುತ್ತೇವೆ. ನಿಮ್ಮ ‘ವಾರಗಟ್ಟಲೆ ಏಕೆ’ ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಹಡಗಿನಲ್ಲಿ 20 ಲೀಟರಿನ ಕ್ಯಾನುಗಳಲ್ಲಿ ನೀರು ತುಂಬಿಕೊಳ್ಳುತ್ತೇವೆ. ಮೇಲ್ಮೈ ನೀರಾದರೆ ಪಂಪಿನಿಂದ, ಆಳದ ನೀರಾದರೆ ಬೇಕಾದ ಆಳದಲ್ಲಿ ಬಾಯಿ ಮುಚ್ಚಿಕೊಳ್ಳುವ ಸಿಲಿಂಡರುಗಳಿಂದ. ತೆಗೆದ ಕೂಡಲೇ ಆಮ್ಲ ಬೆರೆಸಬೇಕು, ಇಲ್ಲವಾದರೆ ನಾವು ಹುಡುಕುತ್ತಿರುವ ಲೋಹಗಳಲ್ಲಿ ಕೆಲವು ಕ್ಯಾನಿನ ಗೋಡೆಗೆ ಅಂಟಿಕೊಂಡು ಲೆಕ್ಕದಿಂದ ಜಾರಿಹೋಗುತ್ತವೆ. ದಡಕ್ಕೆ ಬಂದ ಮೇಲೆ ತೂಕ ಗೊತ್ತಿರುವಷ್ಟು ಸಾಧಾರಣ, ವಿಕಿರಣಶೀಲವಲ್ಲದ ಸೀಸಿಯಂ ಅನ್ನು ನೀರಿಗೆ ಸೇರಿಸುತ್ತೇವೆ. ಕೊನೆಯಲ್ಲಿ ಅದರಲ್ಲಿ ಎಷ್ಟು ಪಾಲು ಮರಳಿ ಸಿಕ್ಕಿತೆಂದು ತೂಗಿದರೆ ದಾರಿಯಲ್ಲಿ ಎಷ್ಟು ಕಳೆದುಹೋಯಿತೆಂದು ತಿಳಿಯುತ್ತದೆ. ಬಳಿಕ ಅಮೋನಿಯಂ ಫಾಸ್ಫೋಮಾಲಿಬ್ಡೇಟ್ ಎಂಬ ಪುಡಿಯನ್ನು ಹಾಕಿ ಕಲಕುತ್ತೇವೆ. ಅರಿಸಿನದ ಬಣ್ಣದ ಈ ಪುಡಿ ಆಮ್ಲದ ನೀರಿನಲ್ಲಿ ಸೀಸಿಯಂ ಅನ್ನು ಹುಡುಕಿ ಹಿಡಿದುಕೊಳ್ಳುತ್ತದೆ, ಪೊಟ್ಯಾಸಿಯಂ ಅನ್ನು ಬಹುಪಾಲು ಬಿಟ್ಟುಬಿಡುತ್ತದೆ. ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಬಿಳಿಯ ಕ್ಯಾನಿನ ತಳದಲ್ಲಿ ತೆಳ್ಳನೆಯ ಹಳದಿ ಗಸಿ ನಿಂತಿರುತ್ತದೆ. ಮೇಲಿನ ತಿಳಿನೀರನ್ನು ಬಸಿದು, ಗಸಿಯನ್ನು ಸೋಸಿ ಒಣಗಿಸಿದರೆ ಇಪ್ಪತ್ತು ಲೀಟರ್ ಸಮುದ್ರದ ಸೀಸಿಯಂ ಒಂದು ಚಮಚದಷ್ಟು ಪುಡಿಯಲ್ಲಿ ಬಂದು ಕೂತಿರುತ್ತದೆ.

ಅದನ್ನು ದ್ರವ ಸಾರಜನಕದಿಂದ ತಣಿಸಿದ ಜರ್ಮೇನಿಯಂ ಡಿಟೆಕ್ಟರ್ ಮೇಲಿಟ್ಟು, ಸುತ್ತಲೂ ದಪ್ಪನೆಯ ಸೀಸದ ಗೋಡೆ ಕಟ್ಟಿ ಮುಚ್ಚುತ್ತೇವೆ. (ಸೀಸೆ, ಸೀಸ, ಸೀಸಿಯಂ ಇವು ಮೂರಕ್ಕೂ ನಂಟಿಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ಫೋನಿನಲ್ಲಿ ಸೂಚನೆ ಕೊಡುವಾಗ ಇವು ಮೂರೂ ಒಂದೇ ವಾಕ್ಯದಲ್ಲಿ ಬಂದು ಗೊಂದಲವಾದದ್ದುಂಟು.) ಗೈಗರ್ ಕೌಂಟರ್ ಬರಿದೇ ಬಡಿತಗಳನ್ನು ಎಣಿಸುತ್ತದೆ, ಬಾಗಿಲು ತಟ್ಟಿದವರು ಯಾರೆಂದು ಕೇಳುವುದಿಲ್ಲ. ಜರ್ಮೇನಿಯಂ ಪ್ರತಿ ಕಿರಣದ ಶಕ್ತಿಯನ್ನೂ ಅಳೆಯುತ್ತದೆ: ಸೀಸಿಯಂ-137 ಆದರೆ 662 ಕಿಲೋ ಎಲೆಕ್ಟ್ರಾನ್ ವೋಲ್ಟ್, ಪೊಟ್ಯಾಸಿಯಂ-40 ಆದರೆ 1461. ಆದರೂ ಅವಸರ ಸಾಧ್ಯವಿಲ್ಲ. ನಮ್ಮ ಇಪ್ಪತ್ತು ಲೀಟರಿನಲ್ಲಿ ದಿನವೊಂದಕ್ಕೆ ಸುಮಾರು 2,600 ಸೀಸಿಯಂ ಪರಮಾಣುಗಳು ಒಡೆಯುತ್ತವೆ. ಅವುಗಳಲ್ಲಿ ನೂರಕ್ಕೆ 85ರಷ್ಟು ಆ ಶಕ್ತಿಯ ಕಿರಣವನ್ನು ಹೊರಡಿಸುತ್ತವೆ, ಡಿಟೆಕ್ಟರ್ ನೂರರಲ್ಲಿ ಐದನ್ನು ಹಿಡಿಯಿತೆಂದುಕೊಂಡರೂ ದಿನಕ್ಕೆ ಸಿಗುವುದು 110 ಎಣಿಕೆ. ಎಣಿಕೆಯ ಅನಿಶ್ಚಿತತೆ ಅದರ ವರ್ಗಮೂಲದಷ್ಟು ಇರುತ್ತದೆ. 110ಕ್ಕೆ ಹತ್ತೂವರೆ, ಅಂದರೆ ಶೇಕಡ ಹತ್ತು. ನಾಲ್ಕು ದಿನ ಬಿಟ್ಟರೆ ಶೇಕಡ ಐದಕ್ಕೆ ಇಳಿಯುತ್ತದೆ. ಒಂದು ಕ್ಯಾನಿಗೆ ನಾಲ್ಕು ದಿನ. ಒಂದು ಸಮುದ್ರಯಾನದಲ್ಲಿ ಬರುವ ಕ್ಯಾನುಗಳು ನೂರಾರು, ಡಿಟೆಕ್ಟರುಗಳು ಬೆರಳೆಣಿಕೆಯಷ್ಟು.

ಬಾಂಬಿನಿಂದಲೇ ಬರುವ ಇನ್ನೊಂದು ವಸ್ತು ಸ್ಟ್ರಾಂಷಿಯಂ-90 ಇನ್ನೂ ಹಟಮಾರಿ. ಜರ್ಮೇನಿಯಂ ಶಕ್ತಿ ಅಳೆದು ಗುರುತಿಸುವ ಗ್ಯಾಮಾ ಕಿರಣವನ್ನೇ ಅದು ಬಿಡುವುದಿಲ್ಲ, ಬೀಟಾ ಕಣವನ್ನು ಮಾತ್ರ ಬಿಡುತ್ತದೆ. ರಾಸಾಯನಿಕವಾಗಿ ಕ್ಯಾಲ್ಸಿಯಂನ ದಾಯಾದಿ, ಕಡಲ ನೀರಿನಲ್ಲಾದರೋ ಕ್ಯಾಲ್ಸಿಯಂ ಲೀಟರಿಗೆ 400 ಮಿಲಿಗ್ರಾಂ. ಇವೆರಡನ್ನೂ ಬಿಡಿಸಿದ ಮೇಲೆ ಸ್ಟ್ರಾಂಷಿಯಂನಿಂದ ಯಿಟ್ರಿಯಂ-90 ಹುಟ್ಟಿ ಬೆಳೆಯುವವರೆಗೆ ಸುಮಾರು ಎರಡು ವಾರ ಸುಮ್ಮನೆ ಕೂರಬೇಕು, ಆಮೇಲೆ ಆ ಯಿಟ್ರಿಯಂ ಅನ್ನು ಎಣಿಸಬೇಕು. ನಿಮಗೆ ಮುಚ್ಚಿಟ್ಟಂತೆ ಕಂಡ ಆ ವಾರಗಳಲ್ಲಿ ಎರಡು ಹೀಗೆ ಕಳೆಯುತ್ತವೆ.

ಇಷ್ಟು ಚಿಕ್ಕ ಪ್ರಮಾಣದಲ್ಲಿ ಮೋಸಹೋಗುವುದು ಸುಲಭ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಒಂದು ಕ್ಯಾನಿನಲ್ಲಿ ನಿರೀಕ್ಷೆಗಿಂತ ಮೂರು ಪಟ್ಟು ಸೀಸಿಯಂ ಕಂಡು ಹಿಗ್ಗಿದ್ದೆ. ಹಿರಿಯರೊಬ್ಬರು ಏನೂ ಹೇಳದೆ, ಶುದ್ಧ ಬಟ್ಟಿನೀರನ್ನು ಅದೇ ಹಾದಿಯಲ್ಲಿ ನಡೆಸಿಕೊಂಡು ಬಾ ಎಂದರು. ಬಟ್ಟಿನೀರಿನಲ್ಲೂ 662ರ ಬಳಿ ಪುಟ್ಟದೊಂದು ಶಿಖರ ಎದ್ದು ನಿಂತಿತು. ಉಪಕರಣ ಸರಿಹೊಂದಿಸುವ ದ್ರಾವಣವನ್ನು ಹಿಂದೊಮ್ಮೆ ಸುರಿದಿದ್ದ ಬಕೆಟ್ಟನ್ನೇ ನಾನು ತೊಳೆದು ಬಳಸಿದ್ದೆ! ಅಂದಿನಿಂದ ಖಾಲಿ ಮಾದರಿಯ ಫಲಿತಾಂಶವಿಲ್ಲದ ವರದಿಯನ್ನು, ಅದು ಎಷ್ಟೇ ರೋಚಕವಾಗಿರಲಿ, ನಾನು ಅರ್ಧಕ್ಕೇ ಓದಿ ಇಡುತ್ತೇನೆ.

ಈಗ ‘ಪತ್ತೆಯಾಗಿಲ್ಲ’ ಎಂಬ ಪದದ ವಿಚಾರ. ಅದಕ್ಕೆ ‘ಇಲ್ಲ’ ಎಂಬ ಅರ್ಥವಿಲ್ಲ. ‘ನಮ್ಮ ಮಿತಿಗಿಂತ ಕೆಳಗಿದೆ’ ಎಂದಷ್ಟೇ ಅರ್ಥ. ತುರ್ತು ತಪಾಸಣೆಯಲ್ಲಿ ಒಂದು ಲೀಟರ್ ನೀರನ್ನು ನೇರವಾಗಿ ಡಿಟೆಕ್ಟರ್ ಮೇಲಿಟ್ಟು ಒಂದೆರಡು ಗಂಟೆ ಎಣಿಸಿದಾಗ ಪತ್ತೆಯ ಮಿತಿ ಲೀಟರಿಗೆ 1 ಬೆಕೆರೆಲ್ ಎಂದಿಟ್ಟುಕೊಳ್ಳಿ. ಇಂದಿನ ಸಾಗರದ ಮಟ್ಟ ಅದಕ್ಕಿಂತ ಆರುನೂರು ಪಟ್ಟಿಗೂ ಕೆಳಗಿದೆ, ಆದ್ದರಿಂದ ಆ ಪ್ರಯೋಗಾಲಯ ‘ಪತ್ತೆಯಾಗಿಲ್ಲ’ ಎಂದೇ ಬರೆಯಬೇಕು. ಹಳದಿ ಪುಡಿ ಹಾಕಿ ನಾಲ್ಕು ದಿನ ಎಣಿಸಿದವರು ಅದೇ ನೀರಿನಲ್ಲಿ ‘ಪತ್ತೆಯಾಗಿದೆ’ ಎಂದು ಬರೆಯುತ್ತಾರೆ. ಜಗಳವೇ ಇಲ್ಲದ ಕಡೆ ಪತ್ರಿಕೆಗಳು ಜಗಳ ಕಾಣುವುದು ಇಲ್ಲಿಯೇ. ಮಿತಿ ಎಷ್ಟೆಂದು ಬರೆಯದೆ ‘ಪತ್ತೆಯಾಗಿಲ್ಲ’ ಎಂದು ಮಾತ್ರ ಹೇಳುವ ವರದಿ ಇದ್ದರೆ ಅದನ್ನು ದೂರುವುದು ನ್ಯಾಯವೇ.

ಇನ್ನು ಮುಚ್ಚಿಡುವಿಕೆ. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್‌ನ ಮಾರ್ಷಲ್ ದ್ವೀಪಗಳ ಬಿಕಿನಿ ಹವಳದ್ವೀಪದಲ್ಲಿ ಸಿಡಿಸಿದ ‘ಕ್ಯಾಸಲ್ ಬ್ರಾವೊ’ ಬಾಂಬು 15 ಮೆಗಾಟನ್ ಶಕ್ತಿ ತೋರಿತು, ವಿನ್ಯಾಸಕಾರರ ಅಂದಾಜಿಗಿಂತ ಸುಮಾರು ಎರಡೂವರೆ ಪಟ್ಟು. ಪುಡಿಯಾದ ಹವಳ ಬಿಳಿ ಬೂದಿಯಾಗಿ ‘ಡೈಗೊ ಫುಕುರ್ಯು ಮಾರು’ ಎಂಬ ಜಪಾನಿ ಮೀನುದೋಣಿಯ 23 ಮಂದಿಯ ಮೇಲೂ ರೊಂಗೆಲಾಪ್ ದ್ವೀಪವಾಸಿಗಳ ಮೇಲೂ ಉದುರಿತು. ಸಾಗರದ ಪ್ರವಾಹ ಇದನ್ನು ಜಪಾನಿನ ಕಡೆಗೆ ಒಯ್ಯುವುದೇ ಎಂಬ ಪ್ರಶ್ನೆಗೆ ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್, ಕೆಲವೇ ಮೈಲಿಗಳಲ್ಲಿ ಅದು ನಿರುಪದ್ರವಿಯಾಗುತ್ತದೆ, 500 ಮೈಲಿಯೊಳಗೆ ಪತ್ತೆಯೇ ಆಗದಂತಾಗುತ್ತದೆ ಎಂದು ಉತ್ತರಿಸಿದರು. ಅಷ್ಟು ದೊಡ್ಡ ಸಾಗರಕ್ಕೆ ಒಂದು ಬಾಂಬಿನ ಬೂದಿ ಸೇರುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬುದೇ ಆ ನಂಬಿಕೆ. ಕಡಲು ಹಾಗೆ ಒಂದೇ ಸಮನೆ ಕಲಕುವುದಿಲ್ಲ. ಬೆಚ್ಚಗಿನ ಮೇಲ್ಪದರದ ನೀರು ತಣ್ಣನೆಯ ಆಳದ ನೀರಿನ ಮೇಲೆ ತೇಲುತ್ತ ಪ್ರವಾಹಗಳ ಜೊತೆ ಸಾಗುತ್ತದೆ, ಅದರಲ್ಲಿ ಕರಗಿದ ಸೀಸಿಯಂ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದರ ಜೊತೆಗೇ ಇರುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ಹೊರಟ ಜಪಾನಿನ ‘ಶುಂಕೊತ್ಸು ಮಾರು’ ಹಡಗಿನ ವಿಜ್ಞಾನಿಗಳು ಬಿಕಿನಿಯಿಂದ ಬಹುದೂರದ ನೀರಿನಲ್ಲೂ ಅದರಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ಲವಕಗಳಲ್ಲೂ ವಿಕಿರಣವನ್ನು ಅಳೆದು ತಂದರು. ಮರುವರ್ಷ ಅಮೆರಿಕದವರೇ ‘ಟೇನಿ’ ಎಂಬ ಹಡಗಿನಲ್ಲಿ ಸಮೀಕ್ಷೆ ನಡೆಸಿದಾಗ ಪೆಸಿಫಿಕ್‌ನ ಏಷ್ಯಾ ಮಗ್ಗುಲಿನವರೆಗೂ ಅದರ ಜಾಡು ಸಿಕ್ಕಿತು.

ಈ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಕತ್ಸುಕೊ ಸರುಹಾಶಿ ಅವರದು. ಟೋಕಿಯೊದ ಹವಾಮಾನ ಸಂಶೋಧನಾ ಸಂಸ್ಥೆಯಲ್ಲಿ ಯಸುವೊ ಮಿಯಾಕೆ ಅವರ ಜೊತೆ ಕೆಲಸ ಮಾಡುತ್ತಿದ್ದ ಈ ರಸಾಯನಶಾಸ್ತ್ರಜ್ಞೆ ಜಪಾನಿನ ಬಳಿಯ ನೀರಿನಲ್ಲಿ ಅಳೆದ ಸೀಸಿಯಂ, ಅಮೆರಿಕದ ಪಶ್ಚಿಮ ತೀರದಲ್ಲಿ ಸಿಕ್ಕ ಅಂಕಿಗಳಿಗಿಂತ ತೀರ ಹೆಚ್ಚಿತ್ತು. ಲೆಕ್ಕ ತಪ್ಪಿರಬೇಕೆಂದು ಅಲ್ಲಿಯವರು ಸಂಶಯಪಟ್ಟರು. 1962ರಲ್ಲಿ ಸರುಹಾಶಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರಶಾಸ್ತ್ರ ಸಂಸ್ಥೆಗೆ ಹೋಗಿ, ಥಿಯೊಡೊರ್ ಫೋಲ್ಸಮ್ ಅವರ ವಿಧಾನದ ಎದುರು ತಮ್ಮ ವಿಧಾನವನ್ನು ಒರೆಗೆ ಹಚ್ಚಿದರು. ಎರಡೂ ಹೊಂದಿದವು. ವ್ಯತ್ಯಾಸ ವಿಧಾನದ್ದಲ್ಲ, ನೀರಿನದೇ ಎಂದು ಒಪ್ಪಬೇಕಾಯಿತು: ಪ್ರವಾಹಗಳು ಕಲ್ಮಷವನ್ನು ಮೊದಲು ಪಶ್ಚಿಮಕ್ಕೇ ಕೊಂಡೊಯ್ದಿದ್ದವು. ಇಂದಿಗೂ ಯಾವ ಪ್ರಯೋಗಾಲಯವನ್ನು ನಂಬಬೇಕೆಂದು ಯಾರಾದರೂ ಕೇಳಿದರೆ ನಾನು ಸರ್ಕಾರಿಯೇ ಖಾಸಗಿಯೇ ಎಂದು ವಿಚಾರಿಸುವುದಿಲ್ಲ. ಒಂದೇ ಮಾದರಿಯನ್ನು ಹಲವು ಪ್ರಯೋಗಾಲಯಗಳಿಗೆ ಹಂಚಿ ಫಲಿತಾಂಶ ಹೋಲಿಸುವ ಪರೀಕ್ಷೆಗೆ ಅದು ಒಡ್ಡಿಕೊಂಡಿದೆಯೇ ಎಂದು ವಿಚಾರಿಸುತ್ತೇನೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮೊನಾಕೊ ಸಾಗರ ಪ್ರಯೋಗಾಲಯ ಇಂಥ ಹೋಲಿಕೆಗಳನ್ನು ನಡೆಸುತ್ತದೆ.

ನಾಳೆ ಪರೀಕ್ಷೆ ನಡೆದರೆ ಗೊತ್ತಾಗುವುದು ಹೇಗೆ? ನೀರಿನ ರಸಾಯನಶಾಸ್ತ್ರದಿಂದ ಮೊದಲಿಗೆ ಅಲ್ಲ. ಭೂಕಂಪನ ಮಾಪಕಗಳು ಮತ್ತು ಕಡಲೊಳಗಿನ ಶಬ್ದ ಆಲಿಸುವ ಕೇಂದ್ರಗಳು ನಿಮಿಷ, ಗಂಟೆಗಳಲ್ಲಿ ಹೇಳಿಬಿಡುತ್ತವೆ. ಗಾಳಿಯಲ್ಲಿನ ಕಣಗಳು ಮತ್ತು ಕ್ಸೆನಾನ್ ಅನಿಲ ದಿನಗಳಲ್ಲಿ ಹೇಳುತ್ತವೆ. ಪರೀಕ್ಷೆ ನೆಲದಾಳದಲ್ಲಿ ನಡೆದಿದ್ದರೆ ಸೋರುವುದು ಸಾಮಾನ್ಯವಾಗಿ ಅನಿಲಗಳೇ ಹೊರತು ಸೀಸಿಯಂ ಅಲ್ಲ, ಆಗ ಕಡಲಲ್ಲಿ ಅಳೆಯಲು ಏನೂ ಸಿಗದೆಯೂ ಇರಬಹುದು. ವಾತಾವರಣದಲ್ಲಿ ನಡೆದ ಕೊನೆಯ ಪರೀಕ್ಷೆ ಚೀನಾದ್ದು, 1980ರ ಅಕ್ಟೋಬರ್‌ನಲ್ಲಿ.

ನೀರಿನ ಮಾದರಿಯ ಹೆಚ್ಚುಗಾರಿಕೆ ಬೇರೆ. ಇದು ಹೊಸದೋ ಹಳೆಯದೋ, ಬಾಂಬಿನದೋ ರಿಯಾಕ್ಟರಿನದೋ ಎಂದು ಅದು ಬಿಡಿಸಿ ಹೇಳುತ್ತದೆ. ಸೀಸಿಯಂ-137ರ ಅರ್ಧಾಯು, ಅಂದರೆ ಅರ್ಧದಷ್ಟು ಒಡೆದುಹೋಗಲು ಬೇಕಾದ ಕಾಲ, 30 ವರ್ಷ. 1960ರ ದಶಕದ ಆರಂಭದಲ್ಲಿ ಬಿದ್ದದ್ದರಲ್ಲಿ ಕಾಲುಭಾಗದಷ್ಟು ಇನ್ನೂ ಉಳಿದಿದೆ, ಆದ್ದರಿಂದ ಅದೊಂದನ್ನೇ ಕಂಡು ‘ಹೊಸ ಪರೀಕ್ಷೆ’ ಎಂದು ಕೂಗುವುದು ತಪ್ಪು. ಜೊತೆಗೆ 13 ದಿನದ ಬೇರಿಯಂ-140, 64 ದಿನದ ಜಿರ್ಕೋನಿಯಂ-95ರಂಥ ಅಲ್ಪಾಯುಗಳು ಕಂಡರೆ ಮಾತ್ರ ಸಂಗತಿ ತಾಜಾ. ಎರಡು ವರ್ಷ ಅರ್ಧಾಯುವಿನ ಸೀಸಿಯಂ-134 ಇನ್ನೊಂದು ಸಾಕ್ಷಿ: ಬಾಂಬು ಅದನ್ನು ಬಹುತೇಕ ಹುಟ್ಟಿಸುವುದೇ ಇಲ್ಲ, ತಿಂಗಳುಗಟ್ಟಲೆ ಉರಿದ ರಿಯಾಕ್ಟರ್ ಇಂಧನದಲ್ಲಿ ಅದು ಧಾರಾಳ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಿಂದ ಕಡಲಿಗಿಳಿದ ಸೀಸಿಯಂನಲ್ಲಿ 134 ಮತ್ತು 137 ಹೆಚ್ಚುಕಡಿಮೆ ಸಮಸಮವಾಗಿದ್ದವು, ಹಳೆಯ ಬಾಂಬಿನ ಸೀಸಿಯಂನಿಂದ ಅದನ್ನು ಬೇರ್ಪಡಿಸಲು ಸಾಧ್ಯವಾದದ್ದು ಹಾಗೆ. ಪ್ಲುಟೋನಿಯಂನಲ್ಲಿ 240 ಮತ್ತು 239ರ ಅನುಪಾತ ಇನ್ನೂ ಸೂಕ್ಷ್ಮವಾದ ಗುರುತು: ಜಗತ್ತಿನಾದ್ಯಂತ ಉದುರಿದ ಧೂಳಿನಲ್ಲಿ ಸುಮಾರು 0.18, ಮಾರ್ಷಲ್ ದ್ವೀಪಗಳ ದೊಡ್ಡ ಬಾಂಬುಗಳ ಧೂಳಿನಲ್ಲಿ 0.3ಕ್ಕೂ ಮೇಲೆ.

ಮೀನಿನ ವಿಚಾರದಲ್ಲಿ ನಾನು ಸುತ್ತಿಬಳಸಿ ಹೇಳುವುದಿಲ್ಲ. ಕಡಲ ಮೀನಿನ ಮಾಂಸದಲ್ಲಿ ಸೀಸಿಯಂ ಸುತ್ತಲಿನ ನೀರಿಗಿಂತ ಸುಮಾರು ನೂರು ಪಟ್ಟು ಸಾಂದ್ರವಾಗುತ್ತದೆ. ಇಂದಿನ ತೆರೆದ ಸಾಗರದ ನೀರಿಗೆ ಈ ಲೆಕ್ಕ ಹಾಕಿದರೆ ಕಿಲೋಗೆ 0.15 ಬೆಕೆರೆಲ್ ಬರುತ್ತದೆ. ಅದೇ ಕಿಲೋ ಮೀನಿನಲ್ಲಿ ಸಹಜ ಪೊಟ್ಯಾಸಿಯಂ-40 ನೂರು ಬೆಕೆರೆಲ್‌ನಷ್ಟಿರುತ್ತದೆ, ನಿಮ್ಮ ನನ್ನ ಮೈಯಲ್ಲಿ ನಾಲ್ಕು ಸಾವಿರದಷ್ಟು. ಜಪಾನ್ ಆಹಾರಕ್ಕೆ ಇಟ್ಟಿರುವ ಸೀಸಿಯಂ ಮಿತಿ ಕಿಲೋಗೆ 100. ಆದ್ದರಿಂದ ಹಳೆಯ ಪರೀಕ್ಷೆಗಳ ಭಯದಿಂದ ಮೀನು ಬಿಡಲು ಕಾರಣವಿಲ್ಲ. ಆದರೆ ಈ ಸಮಾಧಾನ ತೆರೆದ ಸಾಗರಕ್ಕೆ, ಇಂದಿಗೆ ಮಾತ್ರ ಸಲ್ಲುತ್ತದೆ. 1954ರಲ್ಲಿ ಜಪಾನಿನ ಬಂದರುಗಳಲ್ಲಿ ಟ್ಯೂನಾ ಮೀನಿನ ಮೇಲೆ ಗೈಗರ್ ಕೌಂಟರ್ ಹಿಡಿದು, ನಿಮಿಷಕ್ಕೆ ನೂರು ಎಣಿಕೆ ಮೀರಿದ್ದನ್ನು ಎಸೆಯುತ್ತಿದ್ದರು; ತಾಜಾ ಧೂಳು ಬಿದ್ದಾಗ ನಿಮ್ಮಂಥ ಸಣ್ಣ ಉಪಕರಣವೂ ಮಾತಾಡುತ್ತದೆ. ಬಿಕಿನಿಯಂಥ ಕಡೆ ಹವಳದ ದಿಬ್ಬ ಸುತ್ತುವರಿದ ಲಗೂನಿನ (ಒಳಗಡಲಿನ) ತಳದ ಕೆಸರಿನಲ್ಲಿ ಪ್ಲುಟೋನಿಯಂ ಕೂತಿದೆ, ನೆಲದ ಮಣ್ಣಿನಲ್ಲಿ ಸೀಸಿಯಂ ಕೂತಿದೆ. ಅಲ್ಲಿನವರ ಪ್ರಶ್ನೆಗೆ ತೆರೆದ ಸಾಗರದ ಸರಾಸರಿಯನ್ನು ಉತ್ತರವಾಗಿ ಕೊಡುವುದು ಅನ್ಯಾಯ.

ನೀವು ಮಾಡಬಹುದಾದದ್ದರಲ್ಲಿ ದೊಡ್ಡ ಗೈಗರ್ ಕೌಂಟರ್ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಹಣ ವ್ಯರ್ಥ. ಅದು ಪೊಟ್ಯಾಸಿಯಂ ಅನ್ನೇ ಹೆಚ್ಚು ಜೋರಾಗಿ ಎಣಿಸುತ್ತದೆ, ಆ ಏರಿಳಿತ ನಿಮ್ಮ ನಿದ್ದೆ ಕೆಡಿಸುತ್ತದೆ. ಈಗಿರುವುದನ್ನೇ ಇಟ್ಟುಕೊಂಡು, ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಹತ್ತು ನಿಮಿಷ ಎಣಿಸಿ ಬರೆದಿಡಿ. ನಿಮ್ಮ ಮನೆಯ ಸಹಜ ಮಟ್ಟ ಗೊತ್ತಿದ್ದರೆ ಅಸಹಜವಾದದ್ದು ತಾನಾಗಿ ಕಾಣುತ್ತದೆ. ಪ್ರಯೋಗಾಲಯಕ್ಕೆ ನೀರು ಕಳಿಸುವುದು ಸಾಧ್ಯ, ಆದರೆ ಒಂದೇ ಒಂದು ಮಾದರಿಯಿಂದ ಬರುವ ಅಂಕಿ ಸಮಾಧಾನಕ್ಕಿಂತ ಗೊಂದಲವನ್ನೇ ತರಬಹುದು. ಕಳಿಸುವುದಾದರೆ ಪತ್ತೆಯ ಮಿತಿ, ಅನಿಶ್ಚಿತತೆ, ಖಾಲಿ ಮಾದರಿಯ ಫಲಿತಾಂಶ ಮೂರನ್ನೂ ಬರವಣಿಗೆಯಲ್ಲಿ ಕೇಳಿ. ಹತ್ತಿರದ ಸಮುದ್ರದ ಬಗ್ಗೆ ವರ್ಷವರ್ಷ ಪ್ರಕಟವಾಗುವ ಅಂಕಿಗಳಿದ್ದರೆ ಅವನ್ನೇ ಓದುವುದು ಲೇಸು, ಏಕೆಂದರೆ ಒಂದು ಬಿಂದುವಿಗಿಂತ ರೇಖೆ ಹೆಚ್ಚು ಹೇಳುತ್ತದೆ. ಅಯೋಡಿನ್ ಮಾತ್ರೆ ಥೈರಾಯ್ಡ್ ಗ್ರಂಥಿಯನ್ನು ವಿಕಿರಣಶೀಲ ಅಯೋಡಿನ್‌ನಿಂದ, ಮುಖ್ಯವಾಗಿ ಅಯೋಡಿನ್-131ರಿಂದ, ಮಾತ್ರ ಕಾಪಾಡುತ್ತದೆ. ಸೀಸಿಯಂ, ಸ್ಟ್ರಾಂಷಿಯಂಗಳ ಮುಂದೆ ಅದು ನಿಷ್ಪ್ರಯೋಜಕ. ಅಧಿಕಾರಿಗಳ ಸೂಚನೆಯಿಲ್ಲದೆ ನುಂಗಿದರೆ, ಅದರಲ್ಲೂ ಥೈರಾಯ್ಡ್ ತೊಂದರೆ ಇದ್ದವರಿಗೆ, ಅದೇ ಹಾನಿ ಮಾಡೀತು. ಅಯೋಡಿನ್-131ರ ಅರ್ಧಾಯು ಎಂಟು ದಿನ, 80 ದಿನಗಳಲ್ಲಿ ಸಾವಿರದಲ್ಲೊಂದು ಪಾಲಿಗೆ ಇಳಿಯುವುದರಿಂದ ದೂರದ ಕಡಲಿನ ನೀರು ನಿಮ್ಮನ್ನು ತಲುಪುವ ಹೊತ್ತಿಗೆ ಅದು ಉಳಿದಿರುವುದೂ ಇಲ್ಲ. ನೀರನ್ನು ಕುದಿಸಿದರೆ ವಿಕಿರಣ ಹೋಗುತ್ತದೆ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಕುದಿಸಿದಾಗ ನೀರು ಆವಿಯಾಗುತ್ತದೆ, ಸೀಸಿಯಂ ಪಾತ್ರೆಯಲ್ಲೇ ಉಳಿಯುತ್ತದೆ.

ಸೀಸೆಯಲ್ಲಿರುವ ನೀರನ್ನು ಚೆಲ್ಲಿಬಿಡಿ. ಅದನ್ನು ಯಾವ ದಿನ, ಯಾವ ಜಾಗದಲ್ಲಿ ತುಂಬಿದಿರೆಂದು ಸೀಸೆಯ ಮೇಲೆ ಬರೆದಿಲ್ಲವಾದರೆ, ಆಮ್ಲವನ್ನೂ ಹಾಕಿಲ್ಲವಾದರೆ, ಎಷ್ಟು ಒಳ್ಳೆಯ ಡಿಟೆಕ್ಟರ್ ಮೇಲಿಟ್ಟರೂ ಅದರಿಂದ ಪೊಟ್ಯಾಸಿಯಂನ ಸದ್ದನ್ನು ಬಿಟ್ಟು ಬೇರೇನನ್ನೂ ನಾನು ಕೇಳಿಸಲಾರೆ.